ಮಾದರಿ ರೈಲು: ಹಳಿಗೆ ಪಾಯಿಂಟ್ ಜೋಡಿಸುವಾಗ

ಪ್ರಶ್ನೆ: 8 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್ ಹಲಗೆಯ ಮೇಲೆ ಎಚ್‌ಒ ಅಳತೆಯ (ನಿಜ ರೈಲಿನ 87ನೇ ಒಂದು ಭಾಗ) ಮಾದರಿ ರೈಲು ಮಾರ್ಗವನ್ನು ಕಟ್ಟುತ್ತಿದ್ದೇನೆ. ಅಂಡಾಕಾರದ ಒಂದು ಮೇನ್ ಲೈನ್, ಅದರಿಂದ ಕವಲೊಡೆದು ಮತ್ತೆ ಅದನ್ನೇ ಸೇರುವ ಒಂದು ಲೂಪ್ ಲೈನ್ ಇದೆ. ಪೆಕೊ ಕಂಪನಿಯ ಕೋಡ್ 100 (ಹಳಿಯ ಎತ್ತರ ಸೂಚಿಸುವ ಸಂಖ್ಯೆ) ಫ್ಲೆಕ್ಸಿಬಲ್ ಹಳಿಯನ್ನೂ ಎಲೆಕ್ಟ್ರೊಫ್ರಾಗ್ ಮಾದರಿಯ ಪಾಯಿಂಟ್‌ಗಳನ್ನೂ (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಕವಲುಗಳು) ಬಳಸಿದ್ದೇನೆ. ಪಾಯಿಂಟ್‌ಗೆ ಹಳಿ ಸೇರುವಲ್ಲಿ ಬೋಗಿಗಳು ಎಗರಿ ಹಳಿ ತಪ್ಪುತ್ತಿವೆ. ಲೂಪಿನ ಕಡೆಗೆ ಪಾಯಿಂಟ್ ತಿರುಗಿಸಿದ ಕೂಡಲೇ ಹಳಿಗೆ ವಿದ್ಯುತ್ ಕೊಡುವ ಕಂಟ್ರೋಲರ್ ಟ್ರಿಪ್ ಆಗುತ್ತದೆ (ತಾನಾಗಿಯೇ ವಿದ್ಯುತ್ ಕಡಿಯುತ್ತದೆ). ಎಲ್ಲ ಜೋಡಣೆಗಳಿಗೂ ಬೆಸುಗೆ ಹಾಕಿದರೆ ಸರಿಹೋಗುತ್ತದೆಯೇ?

ಉತ್ತರ: ಬೆಸುಗೆ ಹಾಕುವ ಮೊದಲು ದಯವಿಟ್ಟು ಸ್ವಲ್ಪ ತಡೆಯಿರಿ. ನಿಮ್ಮ ಎರಡು ತೊಂದರೆಗಳಿಗೆ ಕಾರಣಗಳು ಬೇರೆ ಬೇರೆ, ಮತ್ತು ಬೆಸುಗೆ ಎರಡನ್ನೂ ಸರಿಪಡಿಸದೆ ಇರುವ ತಪ್ಪನ್ನೇ ಕಾಯಂ ಮಾಡುತ್ತದೆ. ರೈಲ್ ಜಾಯಿನರ್ ಅಥವಾ ಫಿಶ್‌ಪ್ಲೇಟ್ ಎಂದು ನಾವು ಕರೆಯುವುದು ಎರಡು ಹಳಿಗಳ ತುದಿಗಳನ್ನು ಒಂದೇ ಸಾಲಿನಲ್ಲಿ ಹಿಡಿದಿಡುವ ತೆಳ್ಳನೆಯ ತಗಡು, ಅಷ್ಟೇ. ವಾರೆಯಾಗಿ ಬಂದ ಹಳಿಯನ್ನು ನೆಟ್ಟಗೆ ಮಾಡುವ ಹೊಣೆಯನ್ನಾಗಲಿ, ವರ್ಷಗಟ್ಟಲೆ ವಿದ್ಯುತ್ ಸಾಗಿಸುವ ಹೊಣೆಯನ್ನಾಗಲಿ ಅದರ ಮೇಲೆ ಹೊರಿಸಬಾರದು.

ಹಳಿ ತಪ್ಪುವ ವಿಚಾರವನ್ನು ಮೊದಲು ನೋಡೋಣ. ಕಣ್ಣನ್ನು ಹಲಗೆಯ ಮಟ್ಟಕ್ಕೆ ತಂದು, ಆಚೆ ಬದಿಯಿಂದ ಟಾರ್ಚ್ ಬೆಳಕು ಬಿಟ್ಟು ಪ್ರತಿಯೊಂದು ಜೋಡಣೆಯನ್ನೂ ಪರೀಕ್ಷಿಸಿ. ಹಳಿಯ ಬುಡ ಜಾಯಿನರಿನ ಎರಡು ಮಡಿಕೆಗಳ ಒಳಗೆ ಜಾರುವ ಬದಲು ಅದರ ಮೇಲೆಯೇ ಹತ್ತಿ ಕುಳಿತಿರುವುದು ನಾನು ಅತಿ ಹೆಚ್ಚು ಬಾರಿ ಕಂಡಿರುವ ತಪ್ಪು. ಮೇಲಿನಿಂದ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದರೆ ಒಂದು ಹಳಿ ತಗಡಿನ ದಪ್ಪದಷ್ಟು ಎತ್ತರದಲ್ಲಿರುತ್ತದೆ, ಮತ್ತು ಗಾಲಿ ಎಗರಲು ಅಷ್ಟು ಸಾಕು. ಬಳಿಕ ಹಳಿಯ ತಲೆಯ ಒಳಬದಿಯಲ್ಲಿ ಉಗುರನ್ನು ನಿಧಾನವಾಗಿ ಎಳೆಯಿರಿ. ಉಗುರು ಸಿಕ್ಕಿಕೊಂಡ ಜಾಗದಲ್ಲಿ ಗಾಲಿಯ ಅಂಚೂ ಸಿಕ್ಕಿಕೊಳ್ಳುತ್ತದೆ. ಅಂಥಲ್ಲಿ ಸಣ್ಣ ಅರದಿಂದ ತುದಿಯನ್ನು ಚೌಕವಾಗಿ ಉಜ್ಜಿ, ಕತ್ತರಿಸುವಾಗ ತಲೆಯ ಒಳಅಂಚಿನಲ್ಲೂ ಬುಡದಲ್ಲೂ ಎದ್ದ ಮುಳ್ಳುಗಳನ್ನು ತೆಗೆಯಬೇಕು. ಜಾಯಿನರ್ ಸಲೀಸಾಗಿ ಜಾರಬೇಕಾದರೆ ಕೊನೆಯ ಒಂದೆರಡು ಸ್ಲೀಪರುಗಳ ಮೇಲಿನ ಪ್ಲಾಸ್ಟಿಕ್ ಹಿಡಿಕೆಗಳನ್ನು ಕೆತ್ತಿಹಾಕಬೇಕಾಗುತ್ತದೆ.

ಪಾಯಿಂಟ್‌ಗೆ ತಾಗಿದಂತೆಯೇ ತಿರುವು ಆರಂಭವಾಗುತ್ತಿದ್ದರೆ ಅದನ್ನೂ ಬದಲಿಸಿ. ಬಾಗಿಸಿದ ಫ್ಲೆಕ್ಸಿಬಲ್ ಹಳಿ ಯಾವಾಗಲೂ ನೆಟ್ಟಗಾಗಲು ಹವಣಿಸುತ್ತಿರುತ್ತದೆ. ಆ ಒತ್ತಡವೆಲ್ಲ ಜೋಡಣೆಯ ಮೇಲೆ ಬಿದ್ದು ಅಲ್ಲೊಂದು ಮುರಿವು ಮೂಡುತ್ತದೆ. ಪಾಯಿಂಟ್‌ನ ಮುಂದೆ ಕನಿಷ್ಠ ಒಂದು ಬೋಗಿಯಷ್ಟಾದರೂ ನೇರ ಹಳಿ ಇರಲಿ. ತಿರುವಿನ ನಡುವೆಯೇ ಜೋಡಣೆ ಬರುವುದಾದರೆ ಎರಡು ತುಂಡುಗಳನ್ನು ನೇರವಾಗಿಟ್ಟು ಬೆಸೆದು, ಆಮೇಲೆ ಬಾಗಿಸಿ. ಜೋಡಣೆಗಳ ಪೈಕಿ ಬೆಸುಗೆ ನಿಜವಾಗಿ ಬೇಕಾದ ಜಾಗ ಅದೊಂದೇ. ಪಾಯಿಂಟ್‌ಗಳನ್ನು ಮಾತ್ರ ಬೆಸೆಯಲೇಬೇಡಿ, ಏಕೆಂದರೆ ಮುಂದೊಂದು ದಿನ ರಿಪೇರಿಗಾಗಿ ಅವನ್ನು ಕಳಚಲೇಬೇಕಾಗುತ್ತದೆ.

ಇನ್ನು ಟ್ರಿಪ್ ಆಗುವ ವಿಚಾರ. ಎಲೆಕ್ಟ್ರೊಫ್ರಾಗ್‌ನಲ್ಲಿ ಚಲಿಸುವ ಬ್ಲೇಡುಗಳು, ಫ್ರಾಗ್ (ಎರಡು ಮಾರ್ಗಗಳ ಒಳಹಳಿಗಳು ಸಂಧಿಸುವ ಚೂಪಾದ ಭಾಗ) ಮತ್ತು ಫ್ರಾಗ್‌ನಿಂದ ಮುಂದಕ್ಕೆ ಕವಲೊಡೆಯುವ ಎರಡು ಒಳಹಳಿಗಳು ವಿದ್ಯುತ್ತಿನ ದೃಷ್ಟಿಯಿಂದ ಒಂದೇ ತುಂಡು. ಬ್ಲೇಡು ಯಾವ ಹೊರಹಳಿಯನ್ನು ತಾಗಿದೆಯೋ ಅದರ ಧ್ರುವತೆಯೇ (ಪ್ಲಸ್ ಅಥವಾ ಮೈನಸ್) ಇಡೀ ತುಂಡಿಗೆ ಬರುತ್ತದೆ. ನೀವು ಲೂಪಿಗೆ ತಿರುಗಿಸಿದಾಗ ಮೇನ್ ಲೈನಿನ ಒಳಹಳಿಗೂ ಆ ಬದಲಾದ ಧ್ರುವತೆಯೇ ಹರಿಯುತ್ತದೆ. ನಿಮ್ಮ ಮಾರ್ಗ ಅಂಡಾಕಾರವಾಗಿರುವುದರಿಂದ ಅದೇ ಹಳಿಗೆ ಆಚೆ ಕಡೆಯಿಂದ ಸುತ್ತಿಬರುವ ವಿದ್ಯುತ್ತು ವಿರುದ್ಧ ಧ್ರುವದ್ದು. ಎರಡೂ ಸಂಧಿಸಿದ ಕ್ಷಣವೇ ಶಾರ್ಟ್ ಸರ್ಕ್ಯೂಟ್. ಕಂಟ್ರೋಲರಿನಲ್ಲಿ ದೋಷವಿಲ್ಲ; ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ.

ಪರಿಹಾರ ಸುಲಭ. ಪ್ರತಿ ಪಾಯಿಂಟ್‌ನ ಫ್ರಾಗ್ ಕಡೆಯಿಂದ ಹೊರಡುವ ಎರಡೂ ಒಳಹಳಿಗಳಿಗೆ ಲೋಹದ ಜಾಯಿನರ್ ತೆಗೆದು ಪ್ಲಾಸ್ಟಿಕ್ ಇನ್ಸುಲೇಟೆಡ್ ಜಾಯಿನರ್ ಹಾಕಿ. ಕೋಡ್ 100 ಹಳಿಗೆ ಪೆಕೊದ ಎಸ್‌ಎಲ್-11 ಹೊಂದುತ್ತದೆ. ಹೊರಹಳಿಗಳಿಗೆ ಲೋಹದ್ದೇ ಇರಲಿ. ಹೀಗೆ ಕಡಿದ ಮೇಲೆ ಲೂಪಿಗೂ ಅದರ ಪಕ್ಕದ ಮೇನ್ ಲೈನ್ ತುಂಡಿಗೂ ಪ್ರತ್ಯೇಕ ತಂತಿ ಕೊಡಬೇಕು. ನನ್ನ ಪದ್ಧತಿಯೆಂದರೆ ಪ್ರತಿಯೊಂದು ಹಳಿ ತುಂಡಿಗೂ ಹಲಗೆಯ ಕೆಳಗಿನಿಂದ 0.5 ಚದರ ಮಿಲಿಮೀಟರಿನ ಸಣ್ಣ ತಂತಿಯೊಂದನ್ನು ಹಳಿಯ ಹೊರಬದಿಗೆ ಬೆಸೆಯುವುದು. ಇದಕ್ಕೆ ರೋಸಿನ್ ಇರುವ ಬೆಸುಗೆ ತಂತಿಯನ್ನೇ ಬಳಸಿ. ಆಮ್ಲದ ಫ್ಲಕ್ಸ್ ಕಾಲಕ್ರಮೇಣ ಲೋಹವನ್ನು ತಿನ್ನುತ್ತದೆ. ಎರಡೂ ಪಕ್ಕ ಒದ್ದೆ ಹತ್ತಿಯಿಟ್ಟರೆ ಸ್ಲೀಪರುಗಳು ಕರಗುವುದಿಲ್ಲ.

ಎಲ್ಲವನ್ನೂ ಬೆಸೆಯಬಾರದು ಎನ್ನಲು ಇನ್ನೊಂದು ಕಾರಣ ನಮ್ಮ ಹವೆ. ನಿಕಲ್ ಸಿಲ್ವರ್ ಹಳಿ 1 ಮೀಟರಿಗೆ, ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಏರಿದರೆ, ಸುಮಾರು ಮೂರನೇ ಒಂದು ಮಿಲಿಮೀಟರ್ ಹಿಗ್ಗುತ್ತದೆ. ಮಳೆಗಾಲದ ತೇವಕ್ಕೆ ಉಬ್ಬಿದ ಮರ ಬೇಸಿಗೆಯಲ್ಲಿ ಒಣಗಿ ಕುಗ್ಗುವಾಗ ಹಳಿ ಹಿಗ್ಗುತ್ತಿರುತ್ತದೆ. ಶ್ರಾವಣದಲ್ಲಿ ಸಂದಿಲ್ಲದೆ ಹಾಸಿದ ಹಳಿ ಚೈತ್ರದ ಹೊತ್ತಿಗೆ ಪಕ್ಕಕ್ಕೆ ಬಾಗಿರುವುದನ್ನು ನನ್ನದೇ ಹಲಗೆಯ ಮೇಲೆ ನೋಡಿದ್ದೇನೆ. ಆದ್ದರಿಂದ ನೇರ ಭಾಗಗಳ ಜೋಡಣೆಗಳಲ್ಲಿ ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು ಸಂದು ಬಿಡಿ.

ಇಷ್ಟಾದ ಮೇಲೆ ಒಂದು ಖಾಲಿ ಬೋಗಿಯನ್ನು ಬೆರಳಿನಿಂದ ತಳ್ಳುತ್ತ ಪ್ರತಿ ಪಾಯಿಂಟನ್ನೂ ಮೂರು ದಿಕ್ಕುಗಳಿಂದಲೂ ದಾಟಿಸಿ ನೋಡಿ. ಅದು ಎಲ್ಲಿಯೂ ತಡವರಿಸದೆ ಸಾಗಿದ ಮೇಲಷ್ಟೇ ಜಲ್ಲಿ ಹಾಕಿ ಅಂಟು ಬಿಡಿ, ಮತ್ತು ಬ್ಲೇಡುಗಳ ಹತ್ತಿರ ಒಂದು ಹನಿ ಅಂಟೂ ಹೋಗದಂತೆ ನೋಡಿಕೊಳ್ಳಿ.