ಬಂಗಡೆಗೆ ಕಾಯುವ ವ್ಯವಧಾನ ಇಲ್ಲ

ಗೋವಾದಲ್ಲಿ ತಾಜಾ ಮೀನು ಇಷ್ಟು ಸಿಗುವಾಗ ಕಾಣಕೋಣದ ಹುಡುಗರು ಅದನ್ನು ಯಾಕೆ ಒಣಗಿಸುತ್ತಾರೆ, ಯಾಕೆ ಉಪ್ಪಿನಕಾಯಿ ಹಾಕುತ್ತಾರೆ ಎಂದು ಕೇಳಿದ್ದೀರಿ. ನಾನು ಕಾರವಾರದ ಮಾಜಾಳಿಯವನು. ನಮ್ಮೂರು ದಾಟಿದರೆ ಗೋವಾದ ಪೊಳೆಂ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಈಗ ಕಾಣಕೋಣದಲ್ಲಿ ನಾಲ್ಕು ಗೆಳೆಯರ ಜೊತೆ ಇದೇ ಕೆಲಸ ಮಾಡುತ್ತೇನೆ.

ಬಂಗಡೆ ಬಂದರೆ ಒಬ್ಬನ ಬಲೆಗೆ ಬರುವುದಿಲ್ಲ, ಎಲ್ಲರ ಬಲೆಗೂ ಬರುತ್ತದೆ. ಎಂಟು ಗಂಟೆಗೆ ಇದ್ದ ದರ ಹತ್ತಕ್ಕೆ ಇರುವುದಿಲ್ಲ. ಸಣ್ಣ ದೋಣಿಯವನ ಹತ್ತಿರ ಐಸ್ ಇಲ್ಲ ಅಂತ ಕೊಳ್ಳುವವನಿಗೆ ಗೊತ್ತು. ಅವನು ದರ ಕೇಳುವುದೂ ಇಲ್ಲ, ಸುಮ್ನೆ ನಿಂತಿರುತ್ತಾನೆ. ಬಿಸಿಲು ಏರಿದ ಹಾಗೆ ನಾವೇ ಇಳಿಯುತ್ತೇವೆ. ನನ್ನ ಅಪ್ಪ ಹೀಗೆ ಬುಟ್ಟಿಗಟ್ಟಲೆ ಕೊಟ್ಟು ಬಂದಿದ್ದನ್ನು ನೋಡಿದ್ದೇನೆ.

ಒಣಗಿಸುವುದು ಹೊಸದೇನಲ್ಲ, ನಮ್ಮ ಅಮ್ಮಂದಿರ ವಿದ್ಯೆ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳಿಗೆ ನಿಷೇಧ. ಒಟ್ಟು 61 ದಿನ. ಅದಕ್ಕೆ ಮೊದಲೇ ಮನೆಗೆ ಬೇಕಾದ್ದನ್ನು ತುಂಬಿಟ್ಟುಕೊಳ್ಳುವುದಕ್ಕೆ ಗೋವಾದಲ್ಲಿ ಪುರುಮೆಂತ್ ಎನ್ನುತ್ತಾರೆ. ಮಳೆಗೆ ಮುಂಚೆ ಮಡಗಾಂವ್ ಚರ್ಚಿನ ಫೆಸ್ತಿನಲ್ಲಿ, ಅಂದರೆ ಹಬ್ಬದಲ್ಲಿ, ಅದರದೇ ಸಂತೆ ಸೇರುತ್ತದೆ. ಒಣ ಶೆಟ್ಲಿಗೆ, ಅಂದರೆ ಸಿಗಡಿಗೆ, ತೆಂಗಿನತುರಿ ಕಲಸಿದರೆ ಕಿಸ್ಮೂರ್. ಒಣ ಬಂಗಡೆಗೆ ಮೆಣಸು, ಕಳ್ಳಿನ ವಿನೆಗರ್ ಹಾಕಿ ಇಟ್ಟರೆ ಪಾರಾ ಎಂಬ ಉಪ್ಪಿನಕಾಯಿ. ಒಂದು ತುಂಡು ಪಾರಾ ಇದ್ದರೆ ಒಂದು ತಟ್ಟೆ ಗಂಜಿ ಹೋಗುತ್ತದೆ.

ಮೊದಲ ವರ್ಷ ನಾವು ಅವಸರ ಮಾಡಿದೆವು. ಹೊರಗೆ ಗಟ್ಟಿಯಾಗಿತ್ತು, ಒಳಗೆ ತೇವ ಉಳಿದಿತ್ತು. ಪೊಟ್ಟಣದಲ್ಲಿ ಬೂಷ್ಟು ಹಿಡಿಯಿತು. ಎಲ್ಲ ಎಸೆದೆವು, ದುಡ್ಡು ವಾಪಸ್ ಕೊಟ್ಟೆವು. ಈಗ ಹೊಟ್ಟೆ ಸೀಳಿ, ತೊಳೆದು, ನಾಲ್ಕು ಕಿಲೋ ಮೀನಿಗೆ ಒಂದು ಕಿಲೋ ಉಪ್ಪು ಹಾಕಿ ರಾತ್ರಿ ಇಡುತ್ತೇವೆ. ಬೆಳಿಗ್ಗೆ ಮೇಲಿನ ಉಪ್ಪು ತೊಳೆದು ಎತ್ತರದ ಅಟ್ಟಣಿಗೆಯ ಮೇಲೆ ಹರಡಿ ಬಲೆ ಮುಚ್ಚುತ್ತೇವೆ. ಮರಳಿನ ಮೇಲೆ ಹಾಕುವುದೇ ಇಲ್ಲ. ಹತ್ತು ಕಿಲೋ ಬಂಗಡೆ ಒಣಗಿ ನಾಲ್ಕು ಕಿಲೋ ಸಿಕ್ಕರೆ ಹೆಚ್ಚು. ದರ ಹೇಳುವಾಗ ಇದು ನೆನಪಿರಬೇಕು, ಅಲ್ವಾ? ಮೋಡದ ದಿನಗಳಿಗೆ ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ಗ್ಯಾಸ್, ಕರೆಂಟಿನ ಬೆಂಬಲ ಇರುವ ಸೌರ ಡ್ರೈಯರ್ ರೂಪಿಸಿದ್ದಾರೆ. ಅದಕ್ಕೆ ಉಳಿತಾಯ ಮಾಡುತ್ತಿದ್ದೇವೆ.

ಮಾರಲಾಗದೆ ಉಳಿದ ಮೀನನ್ನು ಒಣಗಿಸಿದರಾಯಿತು ಎನ್ನುವವರೂ ಇದ್ದಾರೆ. ಅದು ದೊಡ್ಡ ತಪ್ಪು. ಬಂಗಡೆ ಐಸ್ ಇಲ್ಲದೆ ಬಿಸಿಲಲ್ಲಿ ಬಿದ್ದಿದ್ದರೆ ಅದರಲ್ಲಿ ಹಿಸ್ಟಮಿನ್ ಎಂಬ ಹಾನಿಕರ ಅಂಶ ಏರುತ್ತದೆ. ತಿಂದವರಿಗೆ ಮುಖ ಕೆಂಪಾಗಿ, ತಲೆ ಸಿಡಿದು, ವಾಂತಿ ಬರಬಹುದು. ಒಣಗಿಸಿದರೂ ಬೇಯಿಸಿದರೂ ಅದು ಹೋಗುವುದಿಲ್ಲ. ಆದ್ದರಿಂದ ನಮ್ಮ ಮೊದಲ ಖರ್ಚು ಪೊಟ್ಟಣಕ್ಕಲ್ಲ, ದೋಣಿಯೊಳಗಿನ ಐಸ್ ಪೆಟ್ಟಿಗೆಗೆ.

ಕೊಳ್ಳುವವರಲ್ಲಿ ನಮ್ಮವರೇ ಜಾಸ್ತಿ. ವಾಸ್ಕೊ, ಮಡಗಾಂವ್‌ನಲ್ಲಿ ದುಡಿಯುವ ವಿಜಯಪುರ, ಬಾಗಲಕೋಟೆ ಕಡೆಯವರು ಊರಿಗೆ ಹೋಗುವಾಗ ಒಯ್ಯುತ್ತಾರೆ. ಅವರಿಗಾಗಿ ಪೊಟ್ಟಣದ ಮೇಲೆ ಒಣಗಿಸಿದ ತಾರೀಕನ್ನು ಕನ್ನಡದಲ್ಲೂ ಬರೆಯುತ್ತೇವೆ. ಒಬ್ಬ ಅಕ್ಕ ಅದನ್ನು ಬೆರಳಿಟ್ಟು ಜೋರಾಗಿ ಓದಿದ ದಿನ ನಮಗೆ ಆದ ಖುಷಿ ಹೇಳತೀರದು.

ಹಿಂದಿನ ವಾರ ಬಂಗಡೆ ರಾಶಿ ಬಿತ್ತು. ಕೊಳ್ಳುವವನು ಎಂದಿನ ಹಾಗೆ ನಿಂತಿದ್ದ. ನಾವು ಮೀನನ್ನು ಐಸಿಗೆ ಹಾಕಿ ಮುಚ್ಚಳ ಮುಚ್ಚಿದೆವು. ಸ್ವಲ್ಪ ಹೊತ್ತಿಗೆ ಅವನೇ ಬಂದು ದರ ಕೇಳಿದ. ಅರ್ಧ ಕೊಟ್ಟೆವು, ಇನ್ನರ್ಧಕ್ಕೆ ಉಪ್ಪು ಹಾಕಿದೆವು.