ಕ್ರೂಸ್ ಹಡಗೋ ವಿಮಾನವೋ, ಸೋಂಕಿನ ಭಯ ಯಾವುದರಲ್ಲಿ ಹೆಚ್ಚು?
ಒಟ್ಟಾರೆ ಹಡಗಿನಲ್ಲೇ ಹೆಚ್ಚು. ವಿಮಾನದಲ್ಲಿ ಕೂರುವುದು ಕೆಲವು ಗಂಟೆ, ಹಡಗಿನಲ್ಲಿ ಉಂಡು ಮಲಗುವುದು ದಿನಗಟ್ಟಲೆ. 2020ರಲ್ಲಿ ಜಪಾನಿನ ಯೊಕೊಹಾಮಾದಲ್ಲಿ ತಡೆಹಿಡಿದಿದ್ದ ಡೈಮಂಡ್ ಪ್ರಿನ್ಸೆಸ್ ಹಡಗಿನ 3,711 ಜನರಲ್ಲಿ 712 ಮಂದಿಗೆ ಕೋವಿಡ್ ತಗುಲಿತ್ತು.

ಹಡಗಿನ ಖಾಯಂ ಕಾಟ ಮಾತ್ರ ನೊರೊವೈರಸ್, ಅಂದರೆ ವಾಂತಿ-ಭೇದಿ. ಬಫೆಯಲ್ಲಿ ಎಲ್ಲರೂ ಮುಟ್ಟುವ ಸೌಟೇ ಸಾಕು. ಸ್ಯಾನಿಟೈಸರ್ ನಂಬಿ ಕೂರಬೇಡಿ, ಆಲ್ಕೋಹಾಲ್‌ಗೆ ಈ ವೈರಸ್ ಸುಲಭಕ್ಕೆ ಬಗ್ಗದು. ಸೋಪು ಹಚ್ಚಿ 20 ಸೆಕೆಂಡ್ ಉಜ್ಜಿ ತೊಳೆಯಿರಿ. ಅದೂ ತಟ್ಟೆಗೆ ಬಡಿಸಿಕೊಂಡ ಮೇಲೆ, ತಿನ್ನುವ ಮುಂಚೆ.

ವಿಮಾನ ಹಾರುವಾಗ ಕ್ಯಾಬಿನ್ ಗಾಳಿ ಗಂಟೆಗೆ ಸುಮಾರು 20–30 ಸಲ ಬದಲಾಗುತ್ತದೆ, ದೊಡ್ಡ ಜೆಟ್‌ಗಳಲ್ಲಿ ಸಾಮಾನ್ಯವಾಗಿ ಸೂಕ್ಷ್ಮ ಕಣಗಳನ್ನೂ ಸೋಸುವ ಹೆಪಾ ಫಿಲ್ಟರೂ ಇರುತ್ತದೆ. ಆದರೆ ಪಕ್ಕದ ಸೀಟಿನವರ ಕೆಮ್ಮು ಫಿಲ್ಟರಿಗಿಂತ ಮೊದಲು ನಿಮ್ಮ ಮೂಗಿಗೇ ಬರುತ್ತದೆ. ಹತ್ತಿ ಇಳಿಯುವ ನೂಕುನುಗ್ಗಲಿನಲ್ಲಿ ಗಾಳಿಯ ಹರಿವು ತಗ್ಗಿರಬಹುದು, ಮಾಸ್ಕ್ ಆಗ ತೆಗೆಯಬೇಡಿ.