ಗಂಬೂಟು ಬಿರುಕು ಬಿಡದೆ ಹೆಚ್ಚು ಕಾಲ ಬಾಳಬೇಕಾದರೆ ರಬ್ಬರಿನ ದಪ್ಪ ಹೆಚ್ಚಿಸಿದರೆ ಸಾಕೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಶಿರಸಿ ಕಡೆಯ ಅಡಿಕೆ ತೋಟಗಳ ಕೆಲಸಗಾರರಿಗಾಗಿ ಗಂಬೂಟು ತಯಾರಿಸುವ ಸಣ್ಣ ಘಟಕವನ್ನು ತೆರೆಯಲು ಹೊರಟಿದ್ದೀರಿ. ಪೇಟೆಯಲ್ಲಿ ಸಿಗುವ ಬೂಟುಗಳು ಎರಡನೆಯ ಮಳೆಗಾಲ ಕಾಣುವ ಮೊದಲೇ ಕಾಲ್ಬೆರಳುಗಳ ಹಿಂದೆ ಬಿರಿಯುತ್ತಿವೆ. ಆದ್ದರಿಂದ ಮೇಲ್ಭಾಗದ ರಬ್ಬರನ್ನು ಎರಡು ಮಿಲಿಮೀಟರಿನಿಂದ ನಾಲ್ಕಕ್ಕೆ ಏರಿಸಿದರೆ ಸಾಕೇ ಎಂದು ಕೇಳಿದ್ದೀರಿ.

ಸಾಲದು. ಮಡಿಕೆ ಬೀಳುವ ಜಾಗದಲ್ಲಿ ದಪ್ಪ ಹೆಚ್ಚಿಸಿದರೆ ಬೂಟು ಇನ್ನೂ ಬೇಗ ಬಿರಿಯುವ ಸಾಧ್ಯತೆಯೇ ಹೆಚ್ಚು. ರಬ್ಬರು ಮಿಶ್ರಣ ತಯಾರಿಸುವ ವಿಭಾಗದಲ್ಲಿ ಬಹುಕಾಲ ದುಡಿದವನು ನಾನು. ಹರಿದು ವಾಪಸು ಬಂದ ಬೂಟುಗಳನ್ನು ಕತ್ತರಿಸಿ ನೋಡುವುದೇ ನನ್ನ ಮುಖ್ಯ ಕೆಲಸವಾಗಿತ್ತು. ದಿನವಿಡೀ ಕೆಸರಿನಲ್ಲಿ ನಿಲ್ಲುವವರ ಕಾಲಿನ ವಿಷಯ ಇದಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮೊದಲು, ಈಗ ಹಾಳಾಗುತ್ತಿರುವ ಬೂಟು ರಬ್ಬರಿನದ್ದೇ ಹೌದೇ ಎಂದು ನೋಡಿ. ಗಂಬೂಟು ಎಂದು ಮಾರುವುದರಲ್ಲಿ ಬಹುಪಾಲು ಅಚ್ಚಿಗೆ ಎರಕ ಹೊಯ್ದ ಪಿವಿಸಿ ಎಂಬ ಪ್ಲಾಸ್ಟಿಕ್. ಕಾಯಿಸಿದ ಸೂಜಿಯನ್ನು ಒಳಗಿನ ಮೂಲೆಯೊಂದಕ್ಕೆ ಒತ್ತಿ. ಕರಗಿ ಒಳಗೆ ಇಳಿದರೆ ಪಿವಿಸಿ. ಕರಗದೆ ಸುಟ್ಟ ಟೈರಿನ ವಾಸನೆ ಬಂದರೆ ರಬ್ಬರು. ಪಿವಿಸಿಯನ್ನು ಮೆದುವಾಗಿಡುವುದು ಅದರೊಳಗೆ ಬೆರೆಸಿದ ಎಣ್ಣೆಯಂಥ ದ್ರವ. ಬಿಸಿಲಿಗೆ, ಡೀಸೆಲ್ಲಿಗೆ, ಕಾಲಕ್ಕೆ ಅದು ಹೊರಬಿದ್ದ ಹಾಗೆಲ್ಲ ಬೂಟು ಗಡುಸಾಗುತ್ತದೆ, ಚಳಿಯ ಮುಂಜಾನೆ ಬಿರಿಯುತ್ತದೆ. ರಬ್ಬರು ಹಾಳಾಗುವ ಬಗೆ ಬೇರೆ, ಅದಕ್ಕೆ ಮದ್ದೂ ಬೇರೆ. ನೀವು ರಬ್ಬರಿನ ಬೂಟನ್ನೇ ಮಾಡಲಿದ್ದೀರಿ ಎಂದುಕೊಂಡು ಮುಂದುವರಿಯುತ್ತೇನೆ.

ನೈಸರ್ಗಿಕ ರಬ್ಬರಿನ ಉದ್ದನೆಯ ಅಣುಸರಪಳಿಯಲ್ಲಿ ಉದ್ದಕ್ಕೂ ಜೋಡಿಬಂಧಗಳಿವೆ. ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಓಝೋನ್ ಈ ಜೋಡಿಬಂಧಗಳನ್ನು ಹುಡುಕಿಕೊಂಡು ಕಡಿಯುತ್ತದೆ. ರಬ್ಬರು ಸಡಿಲವಾಗಿದ್ದರೆ ಮೇಲ್ಮೈಯ ತೆಳು ಪದರ ಕೆಟ್ಟು ಅಲ್ಲಿಗೇ ನಿಲ್ಲುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ನೂರಕ್ಕೆ ಐದೋ ಹತ್ತೋ ಪಾಲು ಎಳೆದು ಹಿಡಿದರೆ ಸಾಕು, ಕಡಿದ ತುದಿಗಳು ಒಂದರಿಂದ ಒಂದು ದೂರ ಸರಿದು ಹೊಸ ರಬ್ಬರು ಗಾಳಿಗೆ ತೆರೆದುಕೊಳ್ಳುತ್ತದೆ. ಓಝೋನ್ ಅದನ್ನೂ ಕಡಿಯುತ್ತದೆ. ಬಿರುಕು ಆಳಕ್ಕೆ ಇಳಿಯುವುದು ಹೀಗೆ. ಎಳೆತವೊಂದೇ ಇದ್ದರೆ ರಬ್ಬರು ಲಕ್ಷಾಂತರ ಬಾಗುಗಳನ್ನು ತಡೆಯುತ್ತದೆ, ಗಾಳಿಯೊಂದೇ ಇದ್ದರೆ ವರ್ಷಗಟ್ಟಲೆ ಇರುತ್ತದೆ. ಎರಡೂ ಒಂದೇ ಜಾಗದಲ್ಲಿ ಸೇರಿದಾಗ ಸೋಲುತ್ತದೆ. ಆದ್ದರಿಂದ ವಿನ್ಯಾಸಕಾರನ ಕೆಲಸ ಎಳೆತವನ್ನು ತಗ್ಗಿಸುವುದು. ಮಿಶ್ರಣ ಮಾಡುವವನ ಕೆಲಸ ಗಾಳಿಯನ್ನು ತಡೆಯುವುದು. ಒಬ್ಬನು ಕೈಬಿಟ್ಟದ್ದನ್ನು ಇನ್ನೊಬ್ಬನು ಪೂರ್ತಿ ಸರಿದೂಗಿಸಲಾರ.

ಬಿರುಕನ್ನು ಓದುವುದನ್ನೂ ಕಲಿಯಬೇಕು. ಎಳೆತದ ದಿಕ್ಕಿಗೆ ಅಡ್ಡಲಾಗಿ, ಒಂದಕ್ಕೊಂದು ಸಮಾನಾಂತರವಾಗಿ ಬಿದ್ದ ಬಿರುಕುಗಳು ಓಝೋನಿನವು. ಅವು ವಿರಳವಾಗಿ, ಆಳವಾಗಿದ್ದರೆ ಎಳೆತ ಕಡಿಮೆ ಇತ್ತೆಂದೂ ಒತ್ತೊತ್ತಾಗಿ, ಮೇಲುಮೇಲಕ್ಕಿದ್ದರೆ ಎಳೆತ ಜಾಸ್ತಿ ಇತ್ತೆಂದೂ ತಿಳಿಯಿರಿ. ದಿಕ್ಕುದೆಸೆಯಿಲ್ಲದೆ ಬಲೆಯ ಹಾಗೆ ಹರಡಿದ, ಮೇಲೆ ಪುಡಿ ಉದುರುವ ಬಿರುಕು ಬಿಸಿಲಿನದು. ತಿಳಿಬಣ್ಣದ ಬೂಟುಗಳಲ್ಲಿ ಇದು ಹೆಚ್ಚು. ಮೇಲ್ಮೈ ಮೊದಲು ಅಂಟಂಟಾಗಿ ಆಮೇಲೆ ಪೆಡಸಾದರೆ ಶಾಖ ಅಥವಾ ಲೋಹದ ಕೆಲಸ. ಇದಕ್ಕೆ ಮುಂದೆ ಬರುತ್ತೇನೆ, ನಿಮ್ಮ ತೋಟಗಳ ಮಟ್ಟಿಗೆ ಅದು ಬಹಳ ಮುಖ್ಯ.

ಈಗ ದಪ್ಪದ ಲೆಕ್ಕ. ಹಾಳೆಯೊಂದನ್ನು ಬಾಗಿಸಿದಾಗ ಅದರ ಮಧ್ಯದ ಪದರ ಹೆಚ್ಚು ಕಡಿಮೆ ಇದ್ದಷ್ಟೇ ಉದ್ದ ಉಳಿಯುತ್ತದೆ, ಹೊರಮೈ ಹಿಗ್ಗುತ್ತದೆ. ಮಡಿಕೆಯ ಒಳಗಿನ ತ್ರಿಜ್ಯ 5 ಮಿ.ಮೀ. ಇದ್ದು ಹಾಳೆ 2 ಮಿ.ಮೀ. ದಪ್ಪವಾಗಿದ್ದರೆ ಹೊರಮೈಯ ಹಿಗ್ಗುವಿಕೆ ಸುಮಾರು ಶೇ. 17. ಅದೇ ಮಡಿಕೆಯಲ್ಲಿ 4 ಮಿ.ಮೀ. ಹಾಳೆಯ ಹೊರಮೈ ಸುಮಾರು ಶೇ. 29ರಷ್ಟು ಹಿಗ್ಗುತ್ತದೆ. ಪ್ರತಿ ಹೆಜ್ಜೆಗೂ ಇದು ನಡೆಯುತ್ತದೆ. ದಪ್ಪ ಹಾಳೆ ಅಷ್ಟು ಬಿಗಿಯಾಗಿ ಮಡಿಯುವುದಿಲ್ಲ ಎಂದು ವಾದಿಸಬಹುದು. ಆದರೆ ಬೆರಳುಗಳ ಬುಡದಲ್ಲಿ ಪಾದ ಬಾಗಲೇಬೇಕು, ಬೂಟು ಅದಕ್ಕೆ ಮಣಿಯಲೇಬೇಕು. ಮಣಿಯದಿದ್ದರೆ ಹಿಮ್ಮಡಿ ಬೂಟಿನೊಳಗೆ ಮೇಲೆದ್ದು ಕಾಲು ಉಜ್ಜಿ ಗುಳ್ಳೆ ಏಳುತ್ತದೆ. ದಪ್ಪ ಬೇಕಾದದ್ದು ತಾಗುವ, ಸವೆಯುವ ಕಡೆ: ಬೆರಳ ತುದಿ, ಹಿಮ್ಮಡಿ, ಕೋಲು ಕಲ್ಲು ತಗುಲುವ ಹರಡಿನ ಬದಿ. ಮಡಿಯುವ ಕಡೆ ತೆಳುವಾಗಿರಲಿ, ಆದರೆ ಉತ್ತಮ ರಬ್ಬರಿರಲಿ.

ದಪ್ಪದಿಂದ ತೆಳುವಿಗೆ ಇಳಿಯುವ ಬಗೆಯಲ್ಲೇ ಅರ್ಧ ಕೆಲಸವಿದೆ. ಬೆರಳಿನ ಮೇಲೆ ಬಲಕ್ಕೆಂದು ಹಾಕುವ ಪಟ್ಟಿ ಮೆಟ್ಟಿಲಿನಂತೆ ಥಟ್ಟನೆ ಮುಗಿದರೆ ಬಾಗುವ ಎಳೆತವೆಲ್ಲ ಆ ಗೆರೆಯ ಮೇಲೆಯೇ ಬೀಳುತ್ತದೆ. ವಾಪಸು ಬಂದ ಬೂಟುಗಳಲ್ಲಿ ಅಂಚಿಗೆ ಅಂಟಿಕೊಂಡಂತೆ ಓಡುವ ಬಿರುಕನ್ನು ನಾನು ಎಷ್ಟು ಕಂಡಿದ್ದೇನೆಂದರೆ, ಈಗ ಯಾವ ಬೂಟು ಕೈಗೆತ್ತಿಕೊಂಡರೂ ಬೆರಳು ತಾನಾಗಿ ಅಲ್ಲಿಗೇ ಹೋಗುತ್ತದೆ. ಅಂಚನ್ನು ಒಂದು ಸೆಂಟಿಮೀಟರಿನಷ್ಟು ಅಗಲದಲ್ಲಿ ಇಳಿಜಾರಾಗಿ ಹೆರೆಯಿರಿ, ಮಡಿಕೆಯ ಗೆರೆಯಿಂದ ದೂರಕ್ಕೆ ಸರಿಸಿ, ನೇರ ಗೆರೆಯ ಬದಲು ಬಾಗಿದ ಗೆರೆಯಲ್ಲಿ ಮುಗಿಸಿ. ಅಟ್ಟೆಯನ್ನೂ ಮೇಲ್ಭಾಗವನ್ನೂ ಸೇರಿಸುವ ಸುತ್ತುಪಟ್ಟಿಗೂ ಇದೇ ಮಾತು. ಬೆರಳ ಬುಡದ ಎರಡೂ ಪಕ್ಕದಲ್ಲಿ ಆ ಪಟ್ಟಿಯ ಎತ್ತರ ತಗ್ಗಲಿ. ಕಂಪನಿಯ ಹೆಸರನ್ನು ಚೂಪು ಅಕ್ಷರಗಳಲ್ಲಿ ಒತ್ತಬೇಕೆಂದಿದ್ದರೆ ಕಾಲ್ಕೊಳವೆಯ ಮೇಲ್ಭಾಗದಲ್ಲಿ ಒತ್ತಿ. ಪಾದದ ಮೇಲೆ ಒತ್ತಿದ ಪ್ರತಿ ಅಕ್ಷರದ ಮೂಲೆಯೂ ಬಿರುಕಿಗೆ ಹುಟ್ಟುಜಾಗ.

ಲೈನಿಂಗ್ ಬಟ್ಟೆ ನೇಯ್ದದ್ದಾಗಿರದೆ ಹೆಣೆದದ್ದಾಗಿರಲಿ. ಹಿಗ್ಗದ ಬಟ್ಟೆ ಅಂಟಿಸಿದ ರಬ್ಬರು ದುಂಡಗೆ ಬಾಗುವುದಿಲ್ಲ. ಎರಡು ಮಡಿಕೆಗಳು ಕೂಡುವಲ್ಲಿ ಚೂಪಾದ ಮೂಗು ಏಳುತ್ತದೆ. ಪಾದದ ಎರಡೂ ಬದಿಯಲ್ಲಿ ಮೊದಲ ತೂತು ಬೀಳುವುದು ಆ ಮೂಗಿನಲ್ಲಿಯೇ.

ಅಳತೆಯ ಬಗ್ಗೆ ಯಾರೂ ಸಾಕಷ್ಟು ಯೋಚಿಸುವುದಿಲ್ಲ. ಬರಿಗಾಲಿನಲ್ಲಿ ನಡೆದು ಬೆಳೆದವರ ಪಾದ ಮುಂಭಾಗದಲ್ಲಿ ಅಗಲ. ಕಿರಿದಾದ ಅಚ್ಚಿನ ಮೇಲೆ ಮಾಡಿದ ಬೂಟು ಅವರಿಗೆ ಹಿಡಿಸದೆ, ಒಂದೆರಡು ಅಳತೆ ದೊಡ್ಡದನ್ನು ಕೊಳ್ಳುತ್ತಾರೆ. ಆಗ ಬೂಟಿನ ಬಾಗುವ ಜಾಗ ಒಂದು ಕಡೆ, ಪಾದದ ಬಾಗುವ ಜಾಗ ಇನ್ನೊಂದು ಕಡೆ. ತೋಟದ ಹೆಂಗಸರ ಪಾಡು ಇನ್ನೂ ಕಷ್ಟ: ಗಂಡಸರ ಅಳತೆಯ ಬೂಟಿನೊಳಗೆ ಬಟ್ಟೆ ತುರುಕಿಕೊಂಡು ನಡೆಯುವವರನ್ನು ನೋಡಿದ್ದೇನೆ. ಸಡಿಲ ಬೂಟಿನಲ್ಲಿ ಮಡಿಕೆ ಆಳವಾಗುತ್ತದೆ. ಅಗಲ ಮುಂಪಾದದ ಅಚ್ಚು, ಸಣ್ಣ ಅಳತೆಗಳು ಇವೆರಡನ್ನು ಮೊದಲ ದಿನದಿಂದಲೇ ಇಟ್ಟುಕೊಳ್ಳಿ. ಬಾಳಿಕೆ ಹೆಚ್ಚಿಸಲು ರಸಾಯನದಷ್ಟೇ ಇದೂ ಸಹಾಯ ಮಾಡುತ್ತದೆ. ನಮ್ಮಲ್ಲಿ ಕಳೆ ಕೀಳುವಾಗ, ಅಡಿಕೆ ಹೆಕ್ಕುವಾಗ ಕುಕ್ಕುರುಗಾಲಿನಲ್ಲಿ ಕೂರುತ್ತೇವೆ. ನಿಂತು ನಡೆಯುವುದಕ್ಕೆಂದೇ ಮಾಡಿದ ಎತ್ತರದ ಬೂಟು ಆಗ ಹರಡಿನ ಮೇಲೆ ನುಜ್ಜಾಗಿ ಮಡಿಯುತ್ತದೆ, ಹಿಂಬದಿಯ ಅಂಚು ಮಂಡಿಯ ಹಿಂದೆ ಚುಚ್ಚುತ್ತದೆ. ಕಾಲ್ಕೊಳವೆಯ ಹಿಂಬದಿಯನ್ನು ಸ್ವಲ್ಪ ಇಳಿಸಿ, ಹರಡಿನ ಮುಂದೆ ರಬ್ಬರನ್ನು ತೆಳುವಾಗಿಡಿ.

ಮಿಶ್ರಣಕ್ಕೆ ಬರೋಣ. ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆಯ ಹೊಗೆಯಾಡಿಸಿದ ಹಾಳೆ ರಬ್ಬರು ನಿಮಗೆ ರಾಜ್ಯದೊಳಗೇ ಸಿಗುತ್ತದೆ. ಮೇಲ್ಭಾಗಕ್ಕೆ ಅದನ್ನೇ ಬಳಸಿ. ನೈಸರ್ಗಿಕ ರಬ್ಬರು ಜೋರಾಗಿ ಎಳೆದಾಗ ಬಿರುಕಿನ ತುದಿಯಲ್ಲಿ ಹರಳುಗಟ್ಟಿ ಬಿರುಕನ್ನು ತಡೆಹಿಡಿಯುತ್ತದೆ. ಹಳೆಯ ಟೈರಿನಿಂದ ಮರಳಿ ಪಡೆದ ಅಗ್ಗದ ರಬ್ಬರಿಗೆ ಆ ಶಕ್ತಿ ಬಹಳ ಕಡಿಮೆ, ಅದನ್ನು ಹಿಮ್ಮಡಿಯ ಒಳತುಂಬಿಗೆ ಮಾತ್ರ ಇಟ್ಟುಕೊಳ್ಳಿ. ಸುಣ್ಣದಕಲ್ಲಿನ ಪುಡಿಯನ್ನು ಸುರಿದು ತೂಕ ಹೆಚ್ಚಿಸುವ ಚಾಳಿಯಿಂದ ದೂರವಿರಿ. ರಬ್ಬರಿನ ಸಾಂದ್ರತೆ 0.92, ಆ ಪುಡಿಯದು 2.7, ಕೈಗೆ ಭಾರವೆನಿಸುವ ಬೂಟು ಗಟ್ಟಿ ಬೂಟು ಎಂಬ ನಂಬಿಕೆಯನ್ನು ಗಿರಾಕಿಗಳ ಮನಸ್ಸಿನಿಂದ ತೆಗೆಯುವುದೂ ನಿಮ್ಮ ಕೆಲಸದಲ್ಲಿ ಸೇರಿದೆ.

ಕಪ್ಪು ಬೂಟಿಗೆ ನಾನು ಶುರುಮಾಡುವ ಅಳತೆ ಇದು. ರಬ್ಬರು 100 ಭಾಗವಾದರೆ ಇಂಗಾಲದ ಕಪ್ಪು 30ರಿಂದ 40, ಸತುವಿನ ಆಕ್ಸೈಡ್ 5, ಸ್ಟಿಯರಿಕ್ ಆಮ್ಲ 2, ಓಝೋನಿನಿಂದ ಕಾಯುವ ರಸಾಯನ 6ಪಿಪಿಡಿ 2, ಶಾಖಕ್ಕೆ ಕೆಡದಂತೆ ಕಾಯುವ ಟಿಎಂಕ್ಯೂ 1, ಮೇಣ 2, ಅಣುಸರಪಳಿಗಳನ್ನು ಒಂದಕ್ಕೊಂದು ಬೆಸೆಯುವ ಗಂಧಕ 1.5, ಆ ಬೆಸುಗೆಯನ್ನು ಚುರುಕುಗೊಳಿಸುವ ವೇಗವರ್ಧಕವೂ ಹೆಚ್ಚು ಕಡಿಮೆ ಅಷ್ಟೇ. ಗಂಧಕ 2.5 ಭಾಗವಾದರೆ ಬಾಗುವ ಬಾಳಿಕೆ ಚೆನ್ನಾಗಿರುತ್ತದೆ, ಆದರೆ ಶಾಖಕ್ಕೆ ಬೇಗ ಕೆಡುತ್ತದೆ. ಬಹಳ ಕಡಿಮೆ ಮಾಡಿದರೆ ಶಾಖಕ್ಕೆ ನಿಲ್ಲುತ್ತದೆ, ಬಾಗಿಗೆ ಸೋಲುತ್ತದೆ. ಆದ್ದರಿಂದ ನಡುವಣ ದಾರಿ. ಮೇಣವೂ 6ಪಿಪಿಡಿಯೂ ಎರಡೂ ಏಕೆ ಎಂದು ಲೆಕ್ಕ ನೋಡುವವರು ಕೇಳುತ್ತಾರೆ. ಮೇಣ ನಿಧಾನವಾಗಿ ಮೇಲ್ಮೈಗೆ ಬಂದು ಪೊರೆ ಕಟ್ಟಿ ಗಾಳಿಯನ್ನು ತಡೆಯುತ್ತದೆ. ಬೂಟು ಸುಮ್ಮನೆ ನೇತಾಡುವಾಗ ಅದು ಸಾಕು. ನಡೆಯುವಾಗ ಆ ಪೊರೆ ಒಡೆಯುತ್ತದೆ. ಆಗ ಓಝೋನಿಗೆ ಎದುರಾಗಿ ತಾನೇ ಅದರೊಡನೆ ವರ್ತಿಸಿ ರಬ್ಬರನ್ನು ಉಳಿಸುವುದು 6ಪಿಪಿಡಿ. ಇದು ಕಲೆ ಮಾಡುವ ವಸ್ತು, ಹಳದಿ ಬೂಟಿಗೆ ಆಗದು. ಬಣ್ಣದ ಬೂಟೇ ಬೇಕೆಂದರೆ 30 ಭಾಗದಷ್ಟು ಇಪಿಡಿಎಂ ಎಂಬ ಕೃತಕ ರಬ್ಬರನ್ನು ಬೆರೆಸುವ ದಾರಿಯಿದೆ. ಅದರ ಸರಪಳಿಯ ಬೆನ್ನಿನಲ್ಲಿ ಜೋಡಿಬಂಧಗಳಿಲ್ಲ. ಆದರೆ ಗಂಧಕವೂ ವೇಗವರ್ಧಕವೂ ನೈಸರ್ಗಿಕ ರಬ್ಬರಿನ ಕಡೆಗೇ ಹೆಚ್ಚು ಸೇರಿಕೊಂಡು ಇಪಿಡಿಎಂ ಅರೆಬೆಂದು ಉಳಿಯುತ್ತದೆ. ಸಣ್ಣ ಘಟಕ ಮೊದಲ ವರ್ಷ ಅದಕ್ಕೆ ಕೈಹಾಕದಿರುವುದು ಒಳ್ಳೆಯದು. ಕಪ್ಪು ಬೂಟನ್ನೇ ಮಾಡಿ. ಇಂಗಾಲದ ಕಪ್ಪು ಬಿಸಿಲಿನ ಅತಿನೇರಳೆ ಕಿರಣಗಳನ್ನೂ ತಡೆಯುತ್ತದೆ. ಇನ್ನೊಂದು ಎಚ್ಚರಿಕೆ: ಐಪಿಪಿಡಿ ಎಂಬ ಸೋದರ ರಸಾಯನ ಚರ್ಮಕ್ಕೆ ಅಲರ್ಜಿ ತರುವುದಕ್ಕೆ ಹೆಸರಾದದ್ದು. ಬೆವರುವ ಕಾಲಿಗೆ ತಾಗುವ ವಸ್ತುವಿನಲ್ಲಿ ಅದು ಬೇಡ.

ತೆರೆದ ಮಿಲ್ಲಿನ ಎರಡು ರೋಲರುಗಳ ನಡುವೆ ಬೆರೆಸುವಾಗ ಒಡೆಯದೆ ಉಳಿದ ಪುಡಿಯ ಒಂದು ಉಂಡೆ ಸಾಕು, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಪುಡಿಗಳನ್ನು ಜರಡಿ ಹಿಡಿಯದೆ ಹಾಕಬೇಡಿ. ಹಾಳೆಯನ್ನು ಬ್ಲೇಡಿನಿಂದ ಕೊಯ್ದು ಮಸೂರದಲ್ಲಿ ನೋಡಿ. ಬಿಳಿ ಚುಕ್ಕೆ ಕಂಡರೆ ಆ ಸರಕು ಮೇಲ್ಭಾಗಕ್ಕೆ ಹೋಗಕೂಡದು. ಹಾಳೆಗಳನ್ನು ದಿನಗಟ್ಟಲೆ ಇಟ್ಟರೆ ಗಂಧಕ ಮೇಲಕ್ಕೆ ಬಂದು ಪದರಗಳು ಅಂಟುವುದಿಲ್ಲ. ಮಳೆಗಾಲದ ತೇವವೂ ಅದನ್ನೇ ಮಾಡುತ್ತದೆ. ಕ್ಯೂರಿಂಗ್, ಅಂದರೆ ಗಂಧಕ ಬೆರೆಸಿದ ರಬ್ಬರನ್ನು ಬೇಯಿಸುವ ಕೆಲಸ, ಬೇಗ ಮುಗಿಯಲೆಂದು ಶಾಖವನ್ನು ಏರಿಸಬೇಡಿ. ಆಟೋಕ್ಲೇವ್ ಎಂಬ ಒತ್ತಡದ ಪಾತ್ರೆಯಲ್ಲಿ 130 ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ಬೇಯಿಸಿದ ನೈಸರ್ಗಿಕ ರಬ್ಬರಿನ ಗುಣವೇ ಬೇರೆ. ಅತಿಶಾಖಕ್ಕೆ ಅದರ ಬೆಸುಗೆಗಳು ಮತ್ತೆ ಕಳಚಿಕೊಳ್ಳುತ್ತವೆ.

ಈಗ ಲೋಹದ ಮಾತು. ತಾಮ್ರ ಮತ್ತು ಮ್ಯಾಂಗನೀಸ್ ರಬ್ಬರಿಗೆ ವಿಷ. ಆಮ್ಲಜನಕದೊಡನೆ ಅದು ಕೆಡುವ ವೇಗವನ್ನು ಅವು ಹಲವು ಪಟ್ಟು ಹೆಚ್ಚಿಸುತ್ತವೆ. ನಿಮ್ಮ ಗಿರಾಕಿಗಳು ಕೊಳೆರೋಗಕ್ಕೆ ಪ್ರತಿ ಮಳೆಗಾಲವೂ ಹೊಡೆಯುವ ಬೋರ್ಡೋ ದ್ರಾವಣವೆಂದರೆ ಮೈಲುತುತ್ತವೂ ಸುಣ್ಣವೂ ಸೇರಿದ್ದು, ಅಂದರೆ ತಾಮ್ರ. ಅಡಿಕೆ ಗೊನೆಗಳಿಗೆ ಹೊಡೆದದ್ದು ಕೆಳಗಿರುವವರ ಬೂಟಿನ ಮೇಲೆಯೇ ತೊಟ್ಟಿಕ್ಕುತ್ತದೆ. ಅದು ಒಣಗಿ ಮಡಿಕೆಗಳಲ್ಲಿ ನೀಲಿಯಾಗಿ ಕೂತು, ರಬ್ಬರಿನಲ್ಲಿರುವ ಕೊಬ್ಬಿನಾಮ್ಲದೊಡನೆ ಸೇರಿ ಒಳಗಿಳಿಯುವ ರೂಪಕ್ಕೆ ತಿರುಗಿದರೆ ಕೇಡು ಆರಂಭ. ಬೇರೆ ಊರಿನ ಗಿರಾಕಿಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ಬೂಟಿಗೆ ಈ ಪರೀಕ್ಷೆ ಎದುರಾಗುವುದೇ ಇಲ್ಲ. ನಿಮ್ಮದಕ್ಕೆ ವರ್ಷವೂ ಎದುರಾಗುತ್ತದೆ. ಮಡಿಕೆ ಬೀಳುವ ಜಾಗ ನುಣುಪಾಗಿರಲಿ, ದ್ರಾವಣ ನಿಲ್ಲುವಂಥ ಗೀರು, ಚಡಿ ಬೇಡ. ಲೈನಿಂಗ್ ಬಟ್ಟೆಯ ಬಣ್ಣದಲ್ಲಿ ತಾಮ್ರವಿಲ್ಲವೆಂದು ಖಾತರಿ ಮಾಡಿಕೊಳ್ಳಿ, ಹಿತ್ತಾಳೆಯ ಬಕಲು ಹಾಕಬೇಡಿ. ಮದ್ದು ಹೊಡೆದ ದಿನ ಸಂಜೆಯೇ ಬೂಟನ್ನು ತಿಕ್ಕಿ ತೊಳೆಯಬೇಕೆಂದು ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಕನ್ನಡದಲ್ಲಿ ಮುದ್ರಿಸಿ.

ಅದೇ ಪೆಟ್ಟಿಗೆಯ ಮೇಲೆ ಇನ್ನು ಎರಡು ಮಾತು ಸೇರಿಸಿ. ಬೂಟಿನ ಮೇಲೆ ಬಿಳಿಯ ಮಬ್ಬು ಕಂಡರೆ ಅದು ಬೂಷ್ಟಲ್ಲ, ಕಾಪಾಡುವ ಮೇಣ; ಅದನ್ನು ಉಜ್ಜಿ ತೆಗೆದು ಹೊಳಪಿಗೆಂದು ತೆಂಗಿನೆಣ್ಣೆ ಹಚ್ಚಬಾರದು, ಎಣ್ಣೆ ನೈಸರ್ಗಿಕ ರಬ್ಬರನ್ನು ಉಬ್ಬಿಸುತ್ತದೆ. ಬೇಸಿಗೆಯಲ್ಲಿ ಮಡಚಿ ಮೂಟೆ ಕಟ್ಟಿ ಅಟ್ಟಕ್ಕೆ ಹಾಕಬಾರದು. ಆರು ತಿಂಗಳು ಒಂದೇ ಮಡಿಕೆಯಲ್ಲಿ ಎಳೆದುಕೊಂಡು ಕೂತ ರಬ್ಬರು ಓಝೋನಿಗೆ ಸುಲಭದ ತುತ್ತು. ಕೊಟ್ಟಿಗೆಯ ನೆರಳಿನಲ್ಲಿ ಗೂಟಕ್ಕೆ ತಲೆಕೆಳಗಾಗಿ ಸಿಕ್ಕಿಸಿದರೆ ಸಾಕು.

ಪ್ರಯೋಗಾಲಯದ ಪರೀಕ್ಷೆಗಳೂ ಬೇಕು. ತುಂಡನ್ನು ಶೇ. 20ರಷ್ಟು ಎಳೆದು, ಹತ್ತು ಕೋಟಿ ಭಾಗ ಗಾಳಿಗೆ 50 ಭಾಗ ಓಝೋನ್ ಇರುವ ಪೆಟ್ಟಿಗೆಯಲ್ಲಿ 40 ಡಿಗ್ರಿಯಲ್ಲಿಟ್ಟು ನೋಡುವುದು ಒಂದು. ನಿಮಿಷಕ್ಕೆ 300 ಸಲ ಬಾಗಿಸುವ ಡಿ ಮಾಟಿಯಾ ಯಂತ್ರ ಇನ್ನೊಂದು. ಕೈಗಾರಿಕಾ ರಬ್ಬರು ಬೂಟುಗಳ ಭಾರತೀಯ ಮಾನಕ ಐಎಸ್ 5557 ಅನ್ನು ತರಿಸಿ ಓದಿ. ಆದರೆ ಯಂತ್ರಕ್ಕೆ ಮೈಲುತುತ್ತವೂ ಗೊತ್ತಿಲ್ಲ, ಕುಕ್ಕುರುಗಾಲೂ ಗೊತ್ತಿಲ್ಲ. ಆದ್ದರಿಂದ ತೋಟದಲ್ಲೂ ಪರೀಕ್ಷಿಸಿ: ಎರಡು ಮಿಶ್ರಣಗಳ ನಡುವೆ ಆಯ್ಕೆ ಮಾಡಬೇಕಾದಾಗ ಒಬ್ಬರಿಗೆ ಒಂದು ಜೊತೆ, ಇನ್ನೊಬ್ಬರಿಗೆ ಇನ್ನೊಂದು ಜೊತೆ ಕೊಡಬೇಡಿ. ಒಬ್ಬರಿಗೇ ಎಡಗಾಲಿಗೆ ಒಂದು ಮಿಶ್ರಣ, ಬಲಗಾಲಿಗೆ ಇನ್ನೊಂದು ಕೊಡಿ. ಅರ್ಧ ಜನರಿಗೆ ಎಡಬಲ ಅದಲುಬದಲು ಮಾಡಿ. ಆಗ ನಡಿಗೆ, ತೂಕ, ತೋಟ, ತೊಳೆಯುವ ಅಭ್ಯಾಸ ಎಲ್ಲವೂ ಎರಡಕ್ಕೂ ಒಂದೇ. ಮಳೆಗಾಲ ಮುಗಿದ ಮೇಲೆ ಅವನ್ನು ವಾಪಸು ಪಡೆದು, ಮಡಿಕೆಯ ಜಾಗವನ್ನು ಬಾಗಿಸಿ ಹಿಡಿದು ಮಸೂರದಲ್ಲಿ ನೋಡಿ. ಕೊಟ್ಟವರಿಗೆ ಹೊಸ ಜೊತೆಯೊಂದನ್ನು ಉಚಿತವಾಗಿ ಕೊಡುವುದನ್ನು ಮರೆಯಬೇಡಿ.